ಹಲ್ಲಿಗೆ ಲೇಸರ್ ಚಿಕಿತ್ಸೆಯೇ? ಯಾವ ಲೇಸರ್ ಎಂದು ಮೊದಲು ಕೇಳಿ
ಚೆನ್ನೈನ ಟಿ. ನಗರದಂಥ ಬಡಾವಣೆಗಳ ದಂತ ಚಿಕಿತ್ಸಾಲಯಗಳಲ್ಲಿ ಈಗ ಲೇಸರ್ ಚಿಕಿತ್ಸೆಯೂ ಸಿಗುತ್ತದೆ. ಆದರೆ ಎಲ್ಲ ಲೇಸರ್‌ಗಳೂ ಒಂದೇ ಅಲ್ಲ.

ಡಯೋಡ್ ಲೇಸರ್ ಹಲ್ಲನ್ನು ಕೊರೆಯುವುದಿಲ್ಲ. ಅದರ ಮುಖ್ಯ ಕೆಲಸ ಒಸಡಿನ ಮೇಲೆ. ಕತ್ತರಿಸುತ್ತಲೇ ರಕ್ತನಾಳಗಳನ್ನು ಮುಚ್ಚುವುದರಿಂದ ರಕ್ತಸ್ರಾವ ಕಡಿಮೆ.

ಹುಳುಕು ತೆಗೆಯಲು ಎರ್ಬಿಯಂ ಲೇಸರ್ ಬೇಕು. ಅದರ 2,940 ನ್ಯಾನೊಮೀಟರ್ ಕಿರಣವನ್ನು ಹಲ್ಲಿನೊಳಗಿನ ನೀರು ಹೀರಿ, ಕ್ಷಣದಲ್ಲೇ ಆವಿಯಾಗಿ, ಕೊಳೆತ ಭಾಗವನ್ನು ಸಿಡಿಸುತ್ತದೆ. ಅಮೆರಿಕದ ಎಫ್‌ಡಿಎ 1997ರಲ್ಲಿ ಇದಕ್ಕೆ ಒಪ್ಪಿಗೆ ನೀಡಿತು. ಡ್ರಿಲ್‌ನ ಕಂಪನವಿಲ್ಲದ ಕಾರಣ ಹಲವರಿಗೆ ಅರಿವಳಿಕೆ ಚುಚ್ಚುಮದ್ದು ಬೇಕಾಗುವುದಿಲ್ಲ.

ಹಳೆಯ ಬೆಳ್ಳಿ ಫಿಲ್ಲಿಂಗ್ ತೆಗೆಯಲು, ಕ್ಯಾಪ್ ಹಾಕುವ ಮುನ್ನ ಹಲ್ಲು ಅರೆಯಲು ಇಂದಿಗೂ ಡ್ರಿಲ್ಲೇ ಬೇಕು. ಹಣ ಕಟ್ಟುವ ಮೊದಲು ಯಾವ ಲೇಸರ್, ಯಾವುದಕ್ಕೆ ಎಂದು ವೈದ್ಯರನ್ನು ಕೇಳಿ. ಚಿಕಿತ್ಸೆಯ ವೇಳೆ ರಕ್ಷಣಾ ಕನ್ನಡಕ ಮರೆಯಬೇಡಿ.