ಎರಡು ಗಂಟೆಯ ಗಡುವು

1985ರಲ್ಲಿ ಟೆಕ್ಸಸ್‌ನ ಉದ್ಯಮಿ ಡಿಕ್ ಬಾಸ್, ನುರಿತ ಆರೋಹಿ ಡೇವಿಡ್ ಬ್ರೀಶಿಯರ್ಸ್ ಜೊತೆ 55ನೇ ವಯಸ್ಸಿನಲ್ಲಿ ಎವರೆಸ್ಟ್ ಹತ್ತಿದರು. ದುಡ್ಡು ಕೊಟ್ಟು ಹತ್ತಬಹುದು ಎಂಬ ಆಸೆ ಹಲವರಿಗೆ ಹುಟ್ಟಿದ್ದು ಆಗ. 1996ರ ಹೊತ್ತಿಗೆ ನ್ಯೂಜಿಲೆಂಡಿನ ರಾಬ್ ಹಾಲ್ ತಂಡದ ಶುಲ್ಕ 65,000 ಡಾಲರ್.

ಆ ಹಣಕ್ಕೆ ಆಮ್ಲಜನಕ ಸಿಗುತ್ತಿತ್ತು, ಶೆರ್ಪಾಗಳ ದುಡಿಮೆ ಸಿಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ‘ಸಾಕು, ತಿರುಗು’ ಎನ್ನುವ ಒಬ್ಬ ಮನುಷ್ಯ ಸಿಗುತ್ತಿದ್ದ. ಮಧ್ಯಾಹ್ನ 2ರೊಳಗೆ ಶಿಖರ ಸಿಗದಿದ್ದರೆ ಇಳಿಯಬೇಕು. 1995ರಲ್ಲಿ ಅಂಚೆ ನೌಕರ ಡಗ್ ಹ್ಯಾನ್ಸನ್‌ರನ್ನು ಸುಮಾರು 100 ಮೀಟರ್ ಬಾಕಿಯಿದ್ದಾಗ ಹಾಲ್ ಹೀಗೇ ವಾಪಸು ಕರೆತಂದಿದ್ದರು. ಮರುವರ್ಷ ಮತ್ತೆ ಬಾ ಎಂದವರೂ ಅವರೇ. 1996ರ ಮೇ 10ರಂದು ಹ್ಯಾನ್ಸನ್ ತುದಿ ಮುಟ್ಟಿದಾಗ 4 ದಾಟಿತ್ತು. ಹಾಲ್ ಕಾದಿದ್ದರು. ಬಿರುಗಾಳಿ ಬಂತು, ಇಬ್ಬರೂ ಕೆಳಗೆ ಬರಲಿಲ್ಲ.

ಗಡುವನ್ನು ‘ಇನ್ನೆರಡೇ ದಿನ’ ಎಂದು ತಳ್ಳುವುದು ನನ್ನ ಕಸುಬು. ಗ್ರಾಹಕನ ಮುಖ ನೋಡಿ ‘ಆಗಲ್ಲ’ ಎನ್ನುವುದು ಕಷ್ಟ. ಅದೇ ಮುಖಕ್ಕೆ ಎರಡನೇ ಸಲ ಹೇಳುವುದು ಇನ್ನೂ ಕಷ್ಟ. ಹಾಲ್‌ರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಅದೇ ತಂಡದ ಮೂವರು ಗ್ರಾಹಕರು ಬೆಳಿಗ್ಗೆ 11:30ರ ಸುಮಾರಿಗೇ ಮುಂದಿನ ಸಾಲಿನ ನಿಧಾನ ನೋಡಿ, ಲೆಕ್ಕ ಹಾಕಿ, ತಾವೇ ಹಿಂದಿರುಗಿದರು. ಮೂವರೂ ಬದುಕಿದರು.