ಬೇಲೂರು ಸೀಮೆಯ ಸ್ಮಾರಕಶಿಲೆಗಳು ಮತ್ತು ಕಲ್ಲು ನಿಲ್ಲಿಸುವ ಜನರು

ಪ್ರಾಚೀನ ಶಿಲಾಸ್ಮಾರಕಗಳನ್ನು ಕುರಿತು ವಿಚಾರಿಸುವವರು ಸಾಮಾನ್ಯವಾಗಿ ಕಲ್ಲಿನ ಕಾಲವನ್ನು ಗೊತ್ತುಮಾಡಿ ಅಲ್ಲಿಗೇ ನಿಲ್ಲುತ್ತಾರೆ. ಅದನ್ನು ನಿಲ್ಲಿಸಿದವರಿಗೂ ಇಂದಿನ ಜನರಿಗೂ ಸಂಬಂಧವುಂಟೆ ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ಬೇಲೂರು ಸೀಮೆಯನ್ನು ಮುಂದಿಟ್ಟುಕೊಂಡು ನಾವಿಲ್ಲಿ ಅದನ್ನು ಪರಿಶೀಲಿಸುತ್ತೇವೆ.

ಮಾರ್ಟಿಮರ್ ವ್ಹೀಲರ್ ಅವರು 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಿಂದ, ಬೃಹತ್ ಶಿಲಾಸಮಾಧಿಗಳು ಕಬ್ಬಿಣವನ್ನು ಬಲ್ಲ ಜನರವೆಂದು ಸ್ಪಷ್ಟವಾಯಿತು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾಗೃಹಗಳನ್ನು ಜನರು ಮೋರ್ಯರೆಂಬ ಬೇರೊಂದು ಜನರ ಮನೆಗಳೆನ್ನುತ್ತಾರೆ. ಕಟ್ಟಿದವರ ನೆನಪು ಅಳಿದುದಕ್ಕೆ ಈ ಹೆಸರೇ ಸಾಕ್ಷಿ.

ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸ್ಥಿತಿ ಬೇರೆ. ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ, ಸುಮಾರು ಕ್ರಿ. ಶ. 450ರದೆಂದು ಹೇಳಲಾಗುವ ಶಾಸನವು ಯುದ್ಧದಲ್ಲಿ ಪರಾಕ್ರಮ ಮೆರೆದ ವಿಜ ಅರಸನಿಗೆ ಎರಡು ಊರುಗಳನ್ನು 'ಬಾಳ್ಗಳ್ಚು' ಆಗಿ ಕೊಟ್ಟುದನ್ನು ತಿಳಿಸುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಸ್ತಂಭವು, ಇಮ್ಮಡಿ ವೀರಬಲ್ಲಾಳನೊಡನೆ ಪ್ರಾಣಬಿಟ್ಟ ಗರುಡನಾದ ಕುವರ ಲಕ್ಷ್ಮನ ಸ್ಮಾರಕ. ಇಲ್ಲಿ ಕಲ್ಲೇ ಹೆಸರನ್ನು ಹೇಳುತ್ತದೆ. ಋಣ ಯಾರದು, ಯಾರಿಗೆ ಎಂಬುದು ಬರೆಹದಲ್ಲಿದೆ.

ಬರೆಹವಿಲ್ಲದೆಯೂ ಋಣ ಉಳಿಯಬಲ್ಲುದೆಂಬುದಕ್ಕೆ ನೀಲಗಿರಿಯ ಕುರುಂಬರು ನಿದರ್ಶನ. ಅವರು ಮೃತರಿಗಾಗಿ, ನೀರಿನಲ್ಲಿ ಸವೆದು ನುಣುಪಾದ ಕಲ್ಲೊಂದನ್ನು ಹಳೆಯ ಶಿಲಾಗೃಹದಲ್ಲಿಡುತ್ತಿದ್ದುದನ್ನು ಬ್ರೀಕ್ಸ್ 1873ರ ತಮ್ಮ ಗ್ರಂಥದಲ್ಲಿ ದಾಖಲಿಸಿದರು. ಅದರ ಹೆಸರು 'ದೆವ್ವ ಕೊಟ್ಟ ಕಲ್ಲು' ಎಂದು. ಕನ್ನಡಿಗರಿಗೆ ಅನುವಾದ ಬೇಡ. ಮೇಘಾಲಯದ ಖಾಸಿಗಳಲ್ಲೂ ಬಸ್ತರಿನ ಗೊಂಡರಲ್ಲೂ ಮೃತರ ನೆನಪಿಗೆ ಕಲ್ಲು ನಿಲ್ಲಿಸುವ ರೂಢಿ ನಮ್ಮ ಕಾಲದವರೆಗೂ ಬಂದಿದೆ.

ಇಷ್ಟರಿಂದ ಕುರುಂಬರೇ ಆ ಪ್ರಾಚೀನರ ವಂಶಜರೆಂದು ಸಾಧಿಸಲಾಗದು. ಹಳೆಯ ಮನೆಯಲ್ಲಿ ಹೊಸಬರು ದೀಪ ಹಚ್ಚಿದ ಮಾತ್ರಕ್ಕೆ ಅವರು ಕಟ್ಟಿದವರ ಮಕ್ಕಳಾಗುವುದಿಲ್ಲ. ಆದರೆ ಒಂದು ಮಾತು ನಿಶ್ಚಿತ: ಕಲ್ಲನ್ನು ನಿಲ್ಲಿಸಿದಂದಿಗೆ ಸ್ಮಾರಕ ಮುಗಿಯುವುದಿಲ್ಲ, ಅದರ ಬಳಿಗೆ ಮತ್ತೆ ಮತ್ತೆ ಬರುವವರಿಂದ ಅದು ಪೂರ್ಣವಾಗುತ್ತದೆ.

ಹಲ್ಮಿಡಿಯ ಮೂಲಶಿಲೆ ಇಂದು ಮೈಸೂರಿನಲ್ಲಿ ಸುರಕ್ಷಿತವಾಗಿದೆ. ಊರಿನಲ್ಲಿ ಅದರ ಪ್ರತಿಕೃತಿಗೆ ಮಂಟಪ ಕಟ್ಟಲಾಗಿದೆ. ಅಕ್ಷರ ಉಳಿಯಲು ಒಂದು ಬೇಕಿತ್ತು, ಊರಿನ ನೆನಪಿಗೆ ಇನ್ನೊಂದು. ಆದುದರಿಂದ ವೀರಗಲ್ಲುಗಳನ್ನು ಅಧ್ಯಯನಮಾಡುವ ವಿದ್ಯಾರ್ಥಿಗಳು ಅಳತೆ, ಲಿಪಿಗಳ ಜೊತೆಗೆ ಆ ಕಲ್ಲಿಗೆ ಇಂದು ಎಣ್ಣೆ ಹಚ್ಚುವವರು ಯಾರು, ಅದನ್ನು ಏನೆಂದು ಕರೆಯುತ್ತಾರೆ, ಅದು ಯಾವ ಹೊಲದ ಬದುವಿನಲ್ಲಿತ್ತು ಎಂಬುದನ್ನೂ ಬರೆದುಕೊಳ್ಳಬೇಕು. ಕಲ್ಲನ್ನು ಕದಲಿಸಿದ ಬಳಿಕ ಈ ಪ್ರಶ್ನೆಗಳಿಗೆ ಉತ್ತರ ಹೇಳುವವರು ದೊರೆಯರು.