ಮೇದೋಜೀರಕ ಗ್ರಂಥಿಯ ಉರಿಯೂತ ಶ್ವಾಸಕೋಶಕ್ಕೂ ಕುತ್ತಾಗುವುದೇಕೆ? ರಕ್ತನಾಳದ 'ಅಂಟು ಅಣು'ಗಳ ಪಾತ್ರವೇನು?

ಹೊಟ್ಟೆಯ ಮೇಲ್ಭಾಗದಲ್ಲಿ ಏಕಾಏಕಿ ಶುರುವಾಗಿ ಬೆನ್ನಿಗೆ ಹರಡುವ ತೀವ್ರ ನೋವು ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಹಠಾತ್ ಉರಿಯೂತದ ಲಕ್ಷಣವಾಗಿರಬಹುದು. ಪಿತ್ತಕೋಶದ ಕಲ್ಲು ಮತ್ತು ಮದ್ಯಪಾನ ಇದಕ್ಕೆ ಪ್ರಮುಖ ಕಾರಣಗಳು. ಕರುಳಿನಲ್ಲಿ ಕೆಲಸ ಮಾಡಬೇಕಾದ ಟ್ರಿಪ್ಸಿನ್ ಎಂಬ ಕಿಣ್ವ ಗ್ರಂಥಿಯೊಳಗೇ ಸಕ್ರಿಯಗೊಂಡು ಅದನ್ನೇ ಹಾನಿಗೊಳಿಸುತ್ತದೆ.

ಅಂಟು ಅಣುಗಳು ಏನು ಮಾಡುತ್ತವೆ?
ಗ್ರಂಥಿಗೆ ಪೆಟ್ಟಾದಾಗ ರಕ್ತನಾಳದ ಒಳಗೋಡೆಯಲ್ಲಿ ಸೆಲೆಕ್ಟಿನ್ ಎಂಬ ಅಣುಗಳು ಹೆಚ್ಚುತ್ತವೆ. ರಭಸವಾಗಿ ಹರಿಯುವ ಬಿಳಿ ರಕ್ತಕಣಗಳು ಇವಕ್ಕೆ ಸಿಕ್ಕಿ, ನಿಧಾನವಾಗಿ ಉರುಳತೊಡಗುತ್ತವೆ. ನಂತರ ಐಕ್ಯಾಮ್-1 ಎಂಬ ಅಣು, ಬಿಳಿ ಕಣದ ಮೇಲಿನ ಇಂಟೆಗ್ರಿನ್ ಜೊತೆ ಬೆಸೆದು ಅದನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹೀಗೆ ನಿಂತ ಕಣಗಳು ಗೋಡೆ ದಾಟಿ ಅಂಗಾಂಶಕ್ಕೆ ನುಗ್ಗುತ್ತವೆ.

ಸೋಂಕಿನ ವಿರುದ್ಧ ಇದು ದೇಹದ ರಕ್ಷಣೆ. ಆದರೆ ಇಲ್ಲಿ ಅತಿಯಾದಾಗ ಅದೇ ಅಪಾಯ. ಶ್ವಾಸಕೋಶದ ರಕ್ತನಾಳಗಳಲ್ಲೂ ಇದೇ ಪ್ರಕ್ರಿಯೆ ನಡೆದು ಉಸಿರಾಟ ಕಷ್ಟವಾಗಬಹುದು. ಐಕ್ಯಾಮ್-1 ಇಲ್ಲದಂತೆ ಮಾಡಿದ ಇಲಿಗಳಲ್ಲಿ ಗ್ರಂಥಿ ಮತ್ತು ಶ್ವಾಸಕೋಶಕ್ಕೆ ಆಗುವ ಹಾನಿ ಕಡಿಮೆಯಿತ್ತು. ಆದರೂ ಈ ಅಣುಗಳನ್ನು ತಡೆಯುವ ಔಷಧ ಈ ಕಾಯಿಲೆಯ ಸಾಮಾನ್ಯ ಚಿಕಿತ್ಸೆಯಲ್ಲಿ ಇನ್ನೂ ಸೇರಿಲ್ಲ. ಡ್ರಿಪ್, ನೋವುಶಮನ ಮತ್ತು ಸಾಧ್ಯವಾದಷ್ಟು ಬೇಗ ಆಹಾರ ನೀಡುವುದೇ ಚಿಕಿತ್ಸೆಯ ಆಧಾರ.

ಯಾವಾಗ ಗಂಭೀರ?
ಅಂಗವೈಫಲ್ಯ 48 ಗಂಟೆ ಮೀರಿದರೆ ಕಾಯಿಲೆ ತೀವ್ರ ಎಂದು 2012ರ ಪರಿಷ್ಕೃತ ಅಟ್ಲಾಂಟಾ ವರ್ಗೀಕರಣ ಹೇಳುತ್ತದೆ. ಹಾಗಾಗಿ ನವಿ ಮುಂಬೈನ ಕಳಂಬೋಲಿ ಉಕ್ಕಿನ ಮಾರುಕಟ್ಟೆಗೆ ಬರುವ ಲಾರಿ ಚಾಲಕರಂತೆ ದಿನಗಟ್ಟಲೆ ರಸ್ತೆಯಲ್ಲೇ ಇರುವವರು ಇಂಥ ನೋವನ್ನು 'ಗ್ಯಾಸ್ಟ್ರಿಕ್' ಎಂದುಕೊಂಡು ಮಾತ್ರೆ ನುಂಗಿ ಸುಮ್ಮನಾಗಬಾರದು. ನೋವಿನ ಜೊತೆ ವಾಂತಿ, ಏದುಸಿರು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.